ಗೋಡೆಯಾಚೆಯ ಅಳುವೂ ನೆರೆಯವರ ಕರ್ತವ್ಯವೂ

ಓಕಳಿಪುರದ ವಠಾರಗಳಲ್ಲಿ ಎರಡು ಸಂಸಾರಗಳ ನಡುವೆ ಇರುವುದು ಒಂದೇ ಗೋಡೆ. ರೈಲಿನ ಸದ್ದು ಅಡಗಿದೊಡನೆ ಆಚೆಯ ಅಳು ಈಚೆಗೆ ಕೇಳಿಸುವುದು. “ಗಂಡಹೆಂಡಿರ ವಿಷಯ, ನಮಗೇತಕ್ಕೆ?” ಎಂದು ಬಾಗಿಲಿಕ್ಕಿಕೊಳ್ಳುವವರಲ್ಲಿ ಓದು ಬಲ್ಲ ಸಹೋದರಿಯರೂ ಇರುವರೆಂದು ಹೇಳಲು ವ್ಯಸನವಾಗುತ್ತದೆ.

2006ನೆಯ ಇಸವಿ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ನೆರೆಯವರಿಗೂ ಬಾಯಿ ತೆರೆಯುವ ಅಧಿಕಾರವನ್ನಿತ್ತಿದೆ. ಹಿಂಸೆ ನಡೆದಿದೆ, ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವುಳ್ಳವರು ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರತಕ್ಕದ್ದಲ್ಲ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಅಧಿಕಾರಿಗಳು. ಅವರು ವರದಿಯನ್ನು ಬರೆದು ಮ್ಯಾಜಿಸ್ಟ್ರೇಟರಿಗೆ ಒಪ್ಪಿಸುವರು. ಅರ್ಜಿ ಸೇರಿದ ಬಳಿಕ ಮೊದಲ ವಿಚಾರಣೆ ಸಾಧಾರಣವಾಗಿ 3 ದಿವಸಗಳೊಳಗೆ ಆಗಬೇಕೆಂದು ವಿಧಿಯಿದೆ. (ನ್ಯಾಯಾಲಯದ ನಡಿಗೆ ಕೆಲವೊಮ್ಮೆ ಅದಕ್ಕಿಂತ ನಿಧಾನವೆಂಬುದು ಬೇರೆ ಮಾತು.)

“ಈ ಮನೆ ತಪ್ಪಿದರೆ ಎಲ್ಲಿಗೆ ಹೋಗಲಿ?” ಎಂಬ ಭಯವೇ ಅನೇಕರ ಬಾಯನ್ನು ಕಟ್ಟಿರುವುದು. ಮನೆಯು ಅತ್ತೆಮಾವಂದಿರ ಹೆಸರಿನಲ್ಲಿದ್ದರೂ, ಅಲ್ಲಿ ಸಂಸಾರ ಹೂಡಿದ ಸೊಸೆಯು ವಾಸದ ಹಕ್ಕನ್ನು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮಗಳಿಗೆ “ಸಹಿಸಿಕೊಂಡು ಹೋಗು” ಎಂದು ಬುದ್ಧಿ ಹೇಳುವ ತಂದೆತಾಯಿಗಳು ಇದನ್ನು ತಿಳಿದಿರಬೇಕು. ರಕ್ಷಣಾಜ್ಞೆಯನ್ನು ಮೀರಿದವನಿಗೆ 1 ವರ್ಷದವರೆಗೆ ಸೆರೆ, 20,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಅಂಜಬೇಕಾಗಿಲ್ಲ. ವರಮಾನವೆಷ್ಟೇ ಇರಲಿ, ಸ್ತ್ರೀಯರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಪೆಟ್ಟು ಬಿದ್ದಿದ್ದರೆ ಆಸ್ಪತ್ರೆಯ ಚೀಟಿಯನ್ನು ಆಕೆಯ ಪರವಾಗಿ ನಿಮ್ಮ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿರಿ. ಸಹಾಯಕ್ಕೆ 181, ಪ್ರಾಣಾಪಾಯದಲ್ಲಿ 112 ಎಂಬ ದೂರವಾಣಿಗಳಿವೆ. ಕಛೇರಿಗೆ ಹೋಗುವ ದಿನ ಆಕೆಯೊಡನೆ ಹೋಗಿ, ಅವಳು ಹೇಳಿಕೆ ಕೊಡುವಷ್ಟು ಹೊತ್ತು ಕೂಸನ್ನು ಎತ್ತಿಕೊಂಡಿರಿ.