ಟೋಡ್ ಲೇನಿನ ಕಿರಾಣಿ ಲೆಕ್ಕ

1844ರ ಡಿಸೆಂಬರ್ 21ರ ಸಂಜೆ, ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ರಾಚ್‌ಡೇಲ್ ಪಟ್ಟಣದಲ್ಲಿ, ಟೋಡ್ ಲೇನ್ ಎಂಬ ಓಣಿಯ 31ನೇ ನಂಬರಿನ ಕಟ್ಟಡದಲ್ಲಿ ಒಂದು ಅಂಗಡಿ ಬಾಗಿಲು ತೆಗೆಯಿತು. ಒಳಗೆ ಇದ್ದದ್ದು ಒಂದಿಷ್ಟು ಬೆಣ್ಣೆ, ಸಕ್ಕರೆ, ಗೋಧಿಹಿಟ್ಟು, ಓಟ್ಸ್ ಹಿಟ್ಟು, ಕೆಲವು ಮೇಣದ ಬತ್ತಿ. ಹೊರಗೆ ನಿಂತ ಗಿರಣಿ ಹುಡುಗರು ಗೇಲಿ ಮಾಡಿ ನಕ್ಕರು. ನಗುವಂತೆಯೂ ಇತ್ತು ಬಿಡಿ. ಅಂಗಡಿಯ ಮೂಲ ಬಂಡವಾಳ ಬರೀ 28 ಪೌಂಡು.

ಆ ದುಡ್ಡು ಕೂಡಿದ ಬಗೆಯನ್ನು ನೋಡಬೇಕು. ಅಂಗಡಿ ತೆರೆದ ಸಹಕಾರಿ ಸಂಘದ ಒಬ್ಬೊಬ್ಬ ಸದಸ್ಯ ಒಂದು ಪೌಂಡು ಕೊಡಬೇಕಿತ್ತು. ಆಗ ಪೌಂಡಿಗೆ 240 ಪೆನ್ಸ್. ಶುರುವಿನಲ್ಲಿ ನಿಗದಿಯಾದ ವಂತಿಗೆ ವಾರಕ್ಕೆ ಎರಡು ಪೆನ್ಸ್. ಆ ಲೆಕ್ಕದಲ್ಲಿ ಒಂದು ಪೌಂಡು ತುಂಬಲು 120 ವಾರ, ಅಂದರೆ ಎರಡು ವರ್ಷಕ್ಕೂ ಮೇಲೆ. ಹಾಗಾಗಿ ವಂತಿಗೆಯನ್ನು ಮೂರು ಪೆನ್ಸಿಗೆ ಏರಿಸಿದರು. ಫ್ಲಾನೆಲ್ ನೇಯುವವರು, ಉಣ್ಣೆ ವಿಂಗಡಿಸುವವರು, ಬಡಗಿಗಳು ಇದ್ದ ಈ ಗುಂಪಿಗೆ ಇನ್ನೊಂದು ಪೆನ್ನಿಯೂ ಹಗುರದ ಮಾತಾಗಿರಲಿಲ್ಲ.

ಉಗಿಯಂತ್ರದ ಮಗ್ಗ ಬಂದು ಕೈಮಗ್ಗದವರ ಕೂಲಿ ಕುಸಿದಿತ್ತು. ಕೆಲವು ಮಾಲೀಕರಂತೂ ಕೂಲಿಯನ್ನು ಹಣದಲ್ಲಿ ಕೊಡದೆ, ತಮ್ಮದೇ ಅಂಗಡಿಯ ಸಾಮಾನಿನಲ್ಲಿ ಕೊಡುತ್ತಿದ್ದರು. 1831ರ ಕಾಯ್ದೆ ಅದನ್ನು ನಿಷೇಧಿಸಿದರೂ ಪದ್ಧತಿ ಪೂರ್ತಿ ಅಳಿಯಲಿಲ್ಲ. ಬೇರೆ ಅಂಗಡಿಗೆ ಹೋದರೆ ಉದ್ದರಿ ಪುಸ್ತಕದ ಹಂಗು. ಸಾಲಗಾರನಿಗೆ ಮಾಲು ಕಲಬೆರಕೆ ಎಂದು ಹೇಳುವ ಬಾಯಿ ಎಲ್ಲಿಂದ ಬರಬೇಕು? ಬ್ರೆಡ್ಡಿಗೆ ಪಟಿಕ, ಚಹಾಕ್ಕೆ ಬೇರೆ ಗಿಡಗಳ ಎಲೆ ಸೇರಿಸುವ ಇಂಥ ವಂಚನೆಗಳನ್ನು ರಸಾಯನತಜ್ಞ ಫ್ರೆಡ್ರಿಕ್ ಅಕಮ್ 1820ರಲ್ಲೇ ಪುಸ್ತಕ ಬರೆದು ಬಯಲಿಗೆಳೆದಿದ್ದ.

ಇದಕ್ಕೆಲ್ಲ ಮದ್ದು ಹುಡುಕಿದವರಲ್ಲಿ ದೊಡ್ಡ ಹೆಸರು ರಾಬರ್ಟ್ ಓವೆನ್. ವೇಲ್ಸಿನಲ್ಲಿ ಹುಟ್ಟಿ, ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಹತ್ತಿಗಿರಣಿ ನಡೆಸಿದ ಈತ ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚಲಿಲ್ಲ. 1816ರಲ್ಲಿ ಅವರಿಗೆಂದು ಶಾಲೆ ತೆರೆದ. ಸಗಟಿನಲ್ಲಿ ಕೊಂಡ ಒಳ್ಳೆಯ ದಿನಸಿಯನ್ನು ಕಾರ್ಮಿಕರಿಗೆ ಅಗ್ಗಕ್ಕೆ ಕೊಟ್ಟ. ಆದರೆ ಧಣಿ ಧಣಿಯೇ. ಪ್ರತಿಯೊಬ್ಬರ ಪಕ್ಕದಲ್ಲೂ ನಾಲ್ಕು ಬಣ್ಣದ ಮರದ ತುಂಡೊಂದು ತೂಗುತ್ತಿತ್ತು. ನಿನ್ನೆಯ ಕೆಲಸ ಕೆಟ್ಟದಾಗಿದ್ದರೆ ಕಪ್ಪು ಮುಖ ಮುಂದೆ, ಉತ್ತಮವಾಗಿದ್ದರೆ ಬಿಳಿ. ಬೈಗುಳವಿಲ್ಲ, ಹೊಡೆತವಿಲ್ಲ, ಇಡೀ ಗಿರಣಿಗೆ ಕಾಣುವ ಬಣ್ಣ ಮಾತ್ರ. ನನಗಂತೂ ಬೈಗುಳವೇ ವಾಸಿ ಅನ್ನಿಸುತ್ತದೆ.

ಆಮೇಲೆ ಓವೆನ್ನನ ಕನಸು ದೊಡ್ಡದಾಯಿತು. ಅಮೆರಿಕದ ಇಂಡಿಯಾನಾದಲ್ಲಿ 1825ರಲ್ಲಿ ಶುರುಮಾಡಿದ ನ್ಯೂ ಹಾರ್ಮನಿ ಎಂಬ ಸಮಾನತೆಯ ಸಮುದಾಯ ಎರಡೇ ವರ್ಷಗಳಲ್ಲಿ ಒಡೆಯಿತು. ದುಡಿದ ಗಂಟೆಗಳನ್ನೇ ನೋಟಾಗಿಸಿ ಲಂಡನ್ನಿನಲ್ಲಿ 1832ರಲ್ಲಿ ಶುರುಮಾಡಿದ ವಿನಿಮಯ ಕೇಂದ್ರ 1834ಕ್ಕೆ ಮುಚ್ಚಿತು. ಅವನಿಂದ ಪ್ರೇರಣೆ ಪಡೆದು ಅಲ್ಲಲ್ಲಿ ಎದ್ದ ಸಹಕಾರಿ ಅಂಗಡಿಗಳದ್ದೂ ಹೆಚ್ಚುಕಡಿಮೆ ಇದೇ ಗತಿ. ಟೋಡ್ ಲೇನಿನಲ್ಲೇ 1833ರಲ್ಲಿ ತೆರೆದ ಇಂಥದೊಂದು ಅಂಗಡಿ ಉದ್ದರಿ ಕೊಟ್ಟು ಕೊಟ್ಟು ಎರಡು ವರ್ಷದಲ್ಲಿ ಕೈಸುಟ್ಟುಕೊಂಡಿತ್ತು.

ಆ ಪಾಠವನ್ನು ಹೊಸಬರು ಚೆನ್ನಾಗಿ ಕಲಿತರು. ಉದ್ದರಿ ಇಲ್ಲ, ಕೈಗೆ ಕಾಸು ಬಂದರೆ ಮಾತ್ರ ಸಾಮಾನು. ಬೆಲೆ ಪೇಟೆಯಲ್ಲಿ ಇದ್ದಷ್ಟೇ. ಅಗ್ಗಕ್ಕೆ ಮಾರಿ ಬೇರೆ ಅಂಗಡಿಗಳವರನ್ನು ಕೆಣಕುವುದಿಲ್ಲ. ಬಂಡವಾಳಕ್ಕೆ ಮಿತವಾದ ಬಡ್ಡಿ. ಉಳಿದ ಲಾಭವನ್ನು ಷೇರಿನ ಲೆಕ್ಕದಲ್ಲಿ ಹಂಚದೆ, ಯಾರು ಎಷ್ಟು ಕೊಂಡರೋ ಆ ಲೆಕ್ಕದಲ್ಲಿ ಹಿಂತಿರುಗಿಸುವುದು. ಹತ್ತು ಪೌಂಡಿನ ಸಾಮಾನು ಕೊಂಡ ಮನೆಗೆ ಐದು ಪೌಂಡಿನ ಮನೆಗಿಂತ ಎರಡು ಪಟ್ಟು ಲಾಭಾಂಶ. ಗುಟ್ಟೆಲ್ಲ ಇರುವುದು ಇಲ್ಲೇ. ಓವೆನ್ ಮನುಷ್ಯರ ಸ್ವಭಾವ ತಿದ್ದಲು ಹೊರಟಿದ್ದ. ಇವರು ತಿದ್ದಿದ್ದು ಖಾತೆ ಪುಸ್ತಕವನ್ನು. ಆದರ್ಶದಲ್ಲಿ ನಂಬಿಕೆಯಿಲ್ಲದ ಮನೆಯವರೂ ವರ್ಷದುದ್ದಕ್ಕೂ ಅದೇ ಅಂಗಡಿಗೆ ಬರಲು ಕಾರಣ ಸಿಕ್ಕಿತು.

ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಹೆಂಗಸರೂ ಸದಸ್ಯರಾಗಬಹುದಿತ್ತು, 1846ರಲ್ಲಿ ಎಲಿಜಾ ಬ್ರಿಯರ್ಲಿ ಎಂಬಾಕೆ ಸೇರಿದಳು. ಮದುವೆಯಾದ ಹೆಣ್ಣು ದುಡಿದ ಕೂಲಿಯೂ ಗಂಡನದೇ ಎಂದು ಆ ದೇಶದ ಕಾನೂನು ಹೇಳುತ್ತಿದ್ದ ಕಾಲ ಅದು. 1845ರ ಕೊನೆಗೆ 74 ಇದ್ದ ಸದಸ್ಯರು 1850ಕ್ಕೆ 600 ಆದರು.

ಅಂಗಡಿಯಲ್ಲಿ ಗೆದ್ದ ಲೆಕ್ಕ ಗಿರಣಿಯಲ್ಲಿ ಸೋತಿತು. 1854ರಲ್ಲಿ ಇದೇ ಜನ ಹತ್ತಿಗಿರಣಿಯ ಸಂಘ ಕಟ್ಟಿ, ದುಡಿಯುವವರಿಗೂ ಲಾಭದಲ್ಲಿ ಪಾಲಿಟ್ಟರು. ಗಿರಣಿ ಚೆನ್ನಾಗಿ ನಡೆದಂತೆ ಲಾಭಕ್ಕಾಗಿಯೇ ಷೇರು ಕೊಂಡವರ ಸಂಖ್ಯೆ ಬೆಳೆಯಿತು. 1862ರಲ್ಲಿ ಅವರೇ ಮತ ಹಾಕಿ ಕಾರ್ಮಿಕರ ಪಾಲನ್ನು ಕಿತ್ತುಹಾಕಿದರು. ರಾಚ್‌ಡೇಲಿನ ಕಥೆ ಹೇಳುವ ಭಾಷಣಗಳಲ್ಲಿ ಈ ಅಧ್ಯಾಯ ಸಾಮಾನ್ಯವಾಗಿ ಜಾರಿಹೋಗುತ್ತದೆ.

ಸಹಕಾರ ನಮ್ಮ ಕಡೆಗೆ ಬಂದದ್ದು ಬೇರೆ ದಾರಿಯಿಂದ. ನಮ್ಮ ರೈತನ ಕುತ್ತಿಗೆ ಹಿಸುಕುತ್ತಿದ್ದದ್ದು ಸಾಹುಕಾರನ ಬಡ್ಡಿ. 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ರೈತರು ಸಾಲಪತ್ರಗಳಿಗೇ ಬೆಂಕಿ ಇಟ್ಟಿದ್ದರು. ಜರ್ಮನಿಯಲ್ಲಿ ಮೇಯರ್ ಆಗಿದ್ದ ರೈಫೈಸನ್, ಊರವರೇ ಒಬ್ಬರಿಗೊಬ್ಬರು ಜವಾಬ್ದಾರರಾಗಿ ನಡೆಸುವ ಸಾಲದ ಸಂಘಗಳನ್ನು ಕಟ್ಟಿದ್ದ. ಮದ್ರಾಸ್ ಸರ್ಕಾರ ಕಳಿಸಿದ ಫ್ರೆಡ್ರಿಕ್ ನಿಕಲ್ಸನ್ ಯುರೋಪಿಗೆ ಹೋಗಿ ಅದನ್ನೆಲ್ಲ ನೋಡಿ ಬಂದು, ಇಲ್ಲಿಗೂ ರೈಫೈಸನ್ನನಂಥವನೇ ಬೇಕೆಂದು ವರದಿ ಬರೆದ. 1904ರಲ್ಲಿ ಕಾಯ್ದೆ ಬಂತು. ಮರುವರ್ಷವೇ, ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಆ ಕಾಯ್ದೆಯಡಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದಕ್ಕೆ ಹೆಸರು.

ಉದ್ದರಿಯೇ ಬೇಡವೆಂದವರು ಟೋಡ್ ಲೇನಿನವರು. ಸಾಲ ಕೊಡಲೆಂದೇ ಹುಟ್ಟಿದ್ದು ಕಣಗಿನಹಾಳದ ಸಂಘ. 1904ರ ಕಾಯ್ದೆ ಪತ್ತಿನ ಸಂಘಗಳಿಗಷ್ಟೇ ಅನ್ವಯಿಸುತ್ತಿತ್ತು. ಸಕ್ಕರೆ, ಹಿಟ್ಟು ಮಾರುವ ಸಂಘಕ್ಕೂ ನೋಂದಣಿ ಸಿಗುವಂತಾದದ್ದು 1912ರ ಹೊಸ ಕಾಯ್ದೆ ಬಂದ ಮೇಲೆ.