ಕರೆದರೆ ತಿರುಗಿ ನೋಡುತ್ತಾ ನಿಮ್ಮ ನಾಯಿ?

ಬೆಳಿಗ್ಗೆ ಕಸದ ಗಾಡಿಯವನ ಸೀಟಿ ಕೇಳಿಸಿತು. ಬಕೆಟ್ ಹಿಡಿದು ಗೇಟು ತೆರೆದೆ ನೋಡಿ, ನಮ್ಮ ಕೆಂಚ ಕಾಲಸಂದಿಯಲ್ಲಿ ನುಸುಳಿ ರಸ್ತೆಗೇ ಓಡಿಬಿಟ್ಟ. ‘ಕೆಂಚಾ, ಕೆಂಚಾ’ ಅಂತ ಎಷ್ಟು ಕಿರುಚಿದರೂ ತಿರುಗಲಿಲ್ಲ. ಆಟೋದವನು ಗಕ್ಕನೆ ಬ್ರೇಕ್ ಹಾಕದಿದ್ದರೆ ಆವತ್ತೇ ಅವನ ಕಥೆ ಮುಗಿಯುತ್ತಿತ್ತು.

ಕೂತು ಯೋಚಿಸಿದಾಗ ತಪ್ಪು ನನ್ನದೇ ಅನಿಸಿತು. ಚಪ್ಪಲಿ ಕಚ್ಚಿದರೆ ‘ಕೆಂಚಾ!’, ಸೋಫಾ ಹತ್ತಿದರೆ ‘ಕೆಂಚಾ!’. ಹೆಸರೇ ಬೈಗುಳವಾದರೆ ಯಾರು ತಾನೇ ಓಗೊಡುತ್ತಾರೆ?

ಹಾಗಂತ ಹೊಡೆದು ಬಡಿದು ಕಲಿಸಬೇಕಿಲ್ಲ. ಅಮೆರಿಕದ ಕರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದವರು. ಈಜುವ ಡಾಲ್ಫಿನ್‌ಗೆ ಚೈನು ಹಾಕಲಾದೀತೇ? ಸರಿಯಾಗಿ ಮಾಡಿದಾಗ ಮೀನು ಕೊಟ್ಟೇ ಕಲಿಸಬೇಕು. ಇದೇ ದಾರಿ ನಾಯಿಗೂ, ಮನುಷ್ಯರಿಗೂ ಆಗುತ್ತದೆ ಎಂದು ಅವರು 1984ರಲ್ಲಿ ಪುಸ್ತಕವನ್ನೇ ಬರೆದರು. ನೀವೂ ಮನೆಯಲ್ಲಿ ಈ ಆಟಗಳನ್ನು ಆಡಿಸಿ ನೋಡಿ.

ಹೆಸರಿನ ಆಟ: ಗಲಾಟೆಯಿಲ್ಲದ ಕೋಣೆಯಲ್ಲಿ ಒಂದೇ ಸಲ, ಖುಷಿಯಿಂದ ಹೆಸರು ಕರೆಯಿರಿ. ತಿರುಗಿದ ಕೂಡಲೇ ‘ಶಹಬ್ಬಾಸ್’ ಅಂದು ಬಟಾಣಿ ಗಾತ್ರದ ತಿಂಡಿ ಕೊಡಿ. ತಿರುಗದಿದ್ದರೆ ಹತ್ತು ಸಲ ಕೂಗಬೇಡಿ, ಇನ್ನಷ್ಟು ಹತ್ತಿರ ಹೋಗಿ ಕರೆಯಿರಿ.

ಕಣ್ಣಿನ ಆಟ: ತಿಂಡಿಯನ್ನು ಮುಷ್ಟಿಯಲ್ಲಿ ಹಿಡಿದು ಕೈಯನ್ನು ಪಕ್ಕಕ್ಕೆ ಚಾಚಿ. ಮೂಸುತ್ತದೆ, ನೆಕ್ಕುತ್ತದೆ, ನೀವು ಸುಮ್ಮನಿರಿ. ಒಂದು ಕ್ಷಣ ನಿಮ್ಮ ಮುಖ ನೋಡಿತೋ, ಆಗಲೇ ಶಹಬ್ಬಾಸ್, ಆಗಲೇ ತಿಂಡಿ. ತಡವಾದರೆ ಯಾತಕ್ಕೆ ಸಿಕ್ಕಿತು ಅಂತ ಅದಕ್ಕೆ ತಿಳಿಯದು.

ಗೇಟಿನ ಆಟ: ಮೇಲಿನ ಎರಡೂ ಚೆನ್ನಾಗಿ ರೂಢಿಯಾದ ಮೇಲೆ, ಚೈನು ಹಾಕಿಕೊಂಡೇ ಗೇಟಿನ ಬಳಿ ನಿಲ್ಲಿ. ಗೇಟು ಸ್ವಲ್ಪವೇ ತೆರೆಯಿರಿ. ಹೊರಗೆ ನುಗ್ಗಿದರೆ ಮುಚ್ಚಿ. ನಿಮ್ಮ ಕಡೆ ನೋಡಿದರೆ ಬಹುಮಾನ.

ನೆನಪಿಡಿ

* ಒಂದು ಸಲಕ್ಕೆ ಎರಡು–ಮೂರು ನಿಮಿಷ ಸಾಕು. ದಿನಕ್ಕೆ ಎರಡು–ಮೂರು ಬಾರಿ, ಊಟಕ್ಕೆ ಮುಂಚೆ ಆಡಿಸಿ. ಅದಕ್ಕೆ ಬೇಜಾರಾಗುವ ಮೊದಲೇ ನಿಲ್ಲಿಸಿ.

* ಉಪ್ಪು, ಖಾರವಿಲ್ಲದ ಬೇಯಿಸಿದ ಕೋಳಿಮಾಂಸ, ಮೊಟ್ಟೆ ಅಥವಾ ಕ್ಯಾರೆಟ್ ಚೂರು ಕೊಡಬಹುದು. ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ.

* ಮಕ್ಕಳು, ಯಜಮಾನರು ಎಲ್ಲರೂ ಒಂದೇ ಹೆಸರು, ಒಂದೇ ಶಹಬ್ಬಾಸ್ ಬಳಸಲಿ.

* ಬೈಯಲೇಬೇಕು ಅನಿಸಿದರೆ ಹೆಸರು ಬಿಟ್ಟು ಬೈಯಿರಿ!

ಈಗಲೂ ಗೇಟು ತೆರೆಯುವ ಮುಂಚೆ ನಾನು ಚೈನು ಹಾಕುತ್ತೇನೆ, ಆ ವಿಷಯದಲ್ಲಿ ಧೈರ್ಯ ಬೇಡ. ಆದರೆ ಸೀಟಿ ಕೇಳಿದಾಗ ನಮ್ಮ ಕೆಂಚ ಮೊದಲು ನೋಡುವುದು ಗೇಟನ್ನಲ್ಲ, ನನ್ನ ಮುಖವನ್ನು.