ಊದಿದರೆ ಸರಿಯಾಗುತ್ತಿದ್ದ ಪೆಟ್ಟಿಗೆ

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಆಟವೆಂಬುದು ಒಳಗೋಣೆಯನ್ನು ಸೇರುತ್ತದೆ. ತೊಂಬತ್ತರ ದಶಕದ ಅಂಥದೊಂದು ಮಳೆಗಾಲದಲ್ಲಿ ಗಲ್ಫಿನಿಂದ ರಜೆಗೆ ಬಂದ ಸೋದರಮಾವ ನಮಗೊಂದು ವಿಡಿಯೋ ಗೇಮ್ ಪೆಟ್ಟಿಗೆಯನ್ನು ತಂದುಕೊಟ್ಟರು. ಆಟಿ ಮುಗಿಯುವ ಮೊದಲೇ ಅದು ಕೆಟ್ಟಿತು. ಪರದೆಯ ಮೇಲೆ ಆಟದ ಬದಲು ಬರಿಯ ಚೌಕಳಿ. ಜಗತ್ತಿನ ನಾನಾ ಕಡೆಯ ಮಕ್ಕಳು ಮಾಡಿದ್ದನ್ನೇ ನಾವೂ ಮಾಡಿದೆವು. ಕ್ಯಾಸೆಟ್ಟನ್ನು ಹೊರಗೆಳೆದು, ಅದರ ಬಾಯಿಗೆ ಬಾಯಿಟ್ಟು ಊದಿ, ಮತ್ತೆ ಸಿಕ್ಕಿಸಿದೆವು. ಆಟ ಬಂದಿತು. ಊದುವುದೇ ಮದ್ದೆಂದು ಬಹುಕಾಲ ನಂಬಿದ್ದೆವು.

ಯಂತ್ರಗಳಿಗೂ ಮನೆಮದ್ದುಗಳಿವೆ. ಅವುಗಳ ತೊಡಕೆಂದರೆ, ಕೆಲವೊಮ್ಮೆ ಅವು ಫಲಿಸಿದಂತೆ ಕಾಣುವುದು. ಕ್ಯಾಸೆಟ್ಟಿನ ಅಂಚಿನಲ್ಲಿರುವ ಲೋಹದ ಪಟ್ಟಿಗಳು ಪೆಟ್ಟಿಗೆಯೊಳಗಿನ ಪಿನ್ನುಗಳಿಗೆ ತಾಗಿದರೆ ಮಾತ್ರ ಆಟ ಓಡುತ್ತದೆ. ಹೊರಗೆಳೆದು ಮತ್ತೆ ಸಿಕ್ಕಿಸುವಾಗ ಲೋಹಕ್ಕೆ ಲೋಹ ಉಜ್ಜಿ, ಮೇಲಿನ ಕೊಳೆ ಸ್ವಲ್ಪ ಸವೆದು, ಸಂಪರ್ಕ ಹೊಸದಾಗಿ ಕೂಡುತ್ತಿತ್ತು. ಗುಣ ಮಾಡಿದ್ದು ಈ ಉಜ್ಜುವಿಕೆಯೇ ಹೊರತು ಉಸಿರಲ್ಲ. ಉಸಿರು ಕೊಟ್ಟದ್ದು ತೇವವನ್ನು. ಕಡಲ ಗಾಳಿಯ ನಮ್ಮ ಸೀಮೆಯಲ್ಲಿ ತೇವಕ್ಕೆ ಬರವಿಲ್ಲ, ಕಿಲುಬಿಗೂ ಇಲ್ಲ. ಊದಬೇಡಿರೆಂದು ನಿಂಟೆಂಡೊ ಸಂಸ್ಥೆಯೇ ಗ್ರಾಹಕರನ್ನು ಎಚ್ಚರಿಸಿತ್ತು.

ಆ ಸಂಸ್ಥೆಯ ಯಂತ್ರದ ಕಥೆ ಸ್ವಾರಸ್ಯವುಳ್ಳದ್ದು. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮಿಗೆ ಕ್ಯಾಸೆಟ್ಟನ್ನು ಮೇಲಿನಿಂದ ನೇರವಾಗಿ ಇಳಿಸಬೇಕಿತ್ತು. 1985ರಲ್ಲಿ ಅಮೆರಿಕಕ್ಕೆ ಹೋದಾಗ ಅದು ವೀಡಿಯೊ ಕ್ಯಾಸೆಟ್ ಪ್ಲೇಯರಿನ ವೇಷ ತೊಟ್ಟಿತು. ಕ್ಯಾಸೆಟ್ಟನ್ನು ಮುಂದಿನಿಂದ ಅಡ್ಡಲಾಗಿ ತಳ್ಳಿ ಕೆಳಕ್ಕೆ ಒತ್ತಬೇಕು. ಒಳಗಿದ್ದ 72 ಪಿನ್ನುಗಳು ಒತ್ತಿ ಒತ್ತಿ ಬಿಗಿ ಕಳೆದುಕೊಂಡವು. ಇದರೊಂದಿಗೆ ಕ್ಯಾಸೆಟ್ಟಿನಲ್ಲೊಂದು, ಪೆಟ್ಟಿಗೆಯಲ್ಲೊಂದು ಕಾವಲು ಚಿಪ್ಪು. ಅವೆರಡರ ಸಂವಾದ ತುಸು ತಪ್ಪಿದರೂ ಯಂತ್ರ ಸೆಕೆಂಡಿಗೊಮ್ಮೆ ಮರುಚಾಲನೆಗೊಂಡು ದೀಪ ಮಿನುಗುತ್ತಿತ್ತು. ಮನೆಯವರು ಕೆಟ್ಟಿತೆಂದು ಬಗೆದದ್ದರಲ್ಲಿ ಒಂದು ಪಾಲು ಬೀಗದ ಕಾಟವಾಗಿತ್ತು. 1993ರ ಮರುವಿನ್ಯಾಸದಲ್ಲಿ ಕ್ಯಾಸೆಟ್ಟು ಮತ್ತೆ ಮೇಲಿನಿಂದ ಇಳಿಯಿತು, ಬೀಗವೂ ಹೋಯಿತು.

ಇನ್ನೊಂದು ಮದ್ದು ಇದಕ್ಕಿಂತ ವಿಚಿತ್ರವಾದುದು. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360 ಯಂತ್ರಗಳು ಮೂರು ಕೆಂಪು ದೀಪ ತೋರಿಸಿ ಸಾಯತೊಡಗಿದವು. ಆಡುವಾಗ ಕಾದು, ನಿಲ್ಲಿಸಿದಾಗ ತಣಿದು, ಹಿಗ್ಗಿ ಕುಗ್ಗಿ, ಚಿತ್ರ ಮೂಡಿಸುವ ಚಿಪ್ಪಿನ ಸೂಕ್ಷ್ಮ ಸಂಪರ್ಕಗಳು ಬಿರುಕು ಬಿಡುತ್ತಿದ್ದವು. ಮೈಕ್ರೋಸಾಫ್ಟ್ 2007ರ ಜುಲೈಯಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, 100 ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಅದಕ್ಕಾಗಿ ತೆಗೆದಿರಿಸಿತು. ಕೆಲವರು ಯಂತ್ರಕ್ಕೆ ಟವೆಲ್ಲು ಸುತ್ತಿ ಬೇಕೆಂದೇ ಕಾಯಿಸಿದರು! ಕಾವಿಗೆ ಹಿಗ್ಗಿದ ಬಿರುಕು ಕ್ಷಣಕಾಲ ಮುಚ್ಚಿಕೊಂಡು ಯಂತ್ರ ಎದ್ದದ್ದೂ ಉಂಟು. ಆದರೆ ರೋಗಕ್ಕೆ ಕಾರಣವಾದ ಕಾವನ್ನೇ ಮದ್ದಾಗಿ ಕೊಟ್ಟರೆ ಆ ಆರೋಗ್ಯ ಎಷ್ಟು ದಿನದ್ದು?

ಇಂದಿನ ಯಂತ್ರ ಮೌನವಾದರೆ ಮೊದಲು ಮಾಡಬೇಕಾದದ್ದು ಅಲ್ಪವೇ. ಪ್ಲಗ್ಗನ್ನು ಕಿತ್ತು ಕೆಲವು ನಿಮಿಷ ಬಿಡಬೇಕು. ಎಕ್ಸ್‌ಟೆನ್ಶನ್ ಬಿಟ್ಟು ಗೋಡೆಯ ಸಾಕೆಟ್ಟಿಗೇ ಸಿಕ್ಕಿಸಬೇಕು. ಬೇರೆ ಕೇಬಲ್ಲನ್ನೂ ಟಿ.ವಿ.ಯ ಬೇರೆ ಕಿಂಡಿಯನ್ನೂ ಪ್ರಯತ್ನಿಸಬೇಕು. ಗಾಳಿಕಿಂಡಿಯ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಬಹುದು. ಮಳೆಗಾಲದಲ್ಲಿ ಆ ಧೂಳು ತೇವವುಂಡು ಫ್ಯಾನಿಗೆ ಮೆತ್ತಿಕೊಂಡಿರುತ್ತದೆ, ಬೆಚ್ಚಗಿನ ಜಾಗವೆಂದು ಜಿರಳೆಗಳೂ ಬಿಡಾರ ಹೂಡಿರುತ್ತವೆ. ಕರೆಂಟು ಒದಗಿಸುವ ಭಾಗವನ್ನು ಮಾತ್ರ ಬಿಚ್ಚಕೂಡದು. ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದು.

ಕಳೆದ ಮಳೆಗಾಲದಲ್ಲಿ ಅಕ್ಕನ ಮಗನ ಯಂತ್ರ ಹೀಗೆಯೇ ನಿಂತಿತು. ಯಂತ್ರಕ್ಕಿಂತ ಅದರೊಳಗಿದ್ದ ಊರಿಗಾಗಿ ಅವನು ಅಳುತ್ತಿದ್ದ. ತಂದೆ ಶಾರ್ಜಾದಿಂದ ರಜೆಗೆ ಬಂದಿದ್ದಾಗ ಇಬ್ಬರೂ ಕೂಡಿ ಆಟದಲ್ಲೊಂದು ಊರು ಕಟ್ಟಿದ್ದರು. ಅಂಗಳ, ಬಾವಿ, ತೋಟ ಎಲ್ಲ ಇತ್ತು. ಅಂಗಡಿಯಲ್ಲಿ ಅವನು ಹೇಳಿದ್ದು ಒಂದೇ ಮಾತು: “ಹೋಯಿತು.” ಮೆಕ್ಯಾನಿಕ್ಕು ಕನ್ನಡಕ್ಕೆ ಮಲಯಾಳ ಬೆರೆಸಿ ಕೇಳಿದ: “ಎಂತ ಹೋದ್ದು? ಕರೆಂಟಾ, ಚಿತ್ರವಾ, ಶಬ್ದವಾ?” ಕನ್ನಡವನ್ನು ಐಚ್ಛಿಕವಾಗಿ ಓದುವ ನೀವು ಈ ಪ್ರಶ್ನೆಯನ್ನು ಗಮನಿಸಬೇಕು. ನಮ್ಮ ಮಾತಿನಲ್ಲಿ ಕರೆಂಟೂ ಹೋಗುತ್ತದೆ, ಮಾನವೂ ಹೋಗುತ್ತದೆ, ಜೀವವೂ ಹೋಗುತ್ತದೆ. ರಿಪೇರಿಗೆ ಆ ಒಂದು ಕ್ರಿಯಾಪದ ಸಾಲದು. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು ಎಂದು ಬಿಡಿಸಿ ಹೇಳಿದ ಮೇಲೆಯೇ ಅವನು ಕೈ ಹಚ್ಚಿದ.

ಬೋರ್ಡನ್ನೇ ಬದಲಿಸಿದರೆ ಬೇಗ ಮುಗಿಯುತ್ತದೆ ಎಂದ. ನಾನು ಬೇಡವೆಂದೆ. ಪ್ಲೇಸ್ಟೇಷನ್ 4ರಂತಹ ಯಂತ್ರದಲ್ಲಿ ಹಾರ್ಡ್ ಡಿಸ್ಕನ್ನು ಆಯಾ ಯಂತ್ರಕ್ಕೇ ಹೊಂದುವ ಗುಪ್ತಲಿಪಿಯಲ್ಲಿ ಬರೆದಿರುತ್ತದೆ. ಡಿಸ್ಕು ನೆಟ್ಟಗಿದ್ದರೂ ಬೇರೆ ಯಂತ್ರ ಅದನ್ನು ಓದಲಾರದು. ನಿಂಟೆಂಡೊ ಸ್ವಿಚ್ಚಿನಲ್ಲಿ ಉಳಿಸಿದ ಆಟ ಇರುವುದು ಯಂತ್ರದ ಒಡಲಿನಲ್ಲಿ, ಮೆಮೊರಿ ಕಾರ್ಡಿನಲ್ಲಲ್ಲ. ಪ್ರತಿ ತೆಗೆದಿರಿಸದವನಿಗೆ ಹಳೆಯ ಬೋರ್ಡೇ ಬೀಗದ ಕೈ. ಪ್ರತಿ ತೆಗೆಯುವ ಕೆಲಸವನ್ನು ಯಂತ್ರ ನೆಟ್ಟಗಿರುವಾಗಲೇ ಮಾಡಿಕೊಳ್ಳಬೇಕು. ಆಗ ಯಾರಿಗೂ ಅದು ನೆನಪಾಗುವುದಿಲ್ಲ.

ಕೇಬಲ್ ಸಿಕ್ಕಿಸುವ ಕಿಂಡಿಯ ಬೆಸುಗೆ ಬಿಟ್ಟಿತ್ತು. ಹೊಸ ಕಿಂಡಿ ಕೂರಿಸಿ ಕೊಡಲು ನಾಲ್ಕು ದಿನ ಹಿಡಿಯಿತು. ಅಂದು ರಾತ್ರಿ ತಂದೆಯ ಫೋನು ಬಂದಾಗ ಹುಡುಗ ಬಾವಿಕಟ್ಟೆಯ ಬಳಿ ಹೊಸದೊಂದು ಗಿಡ ನೆಡುತ್ತಿದ್ದ.